ಬೇಸ್‌ಬಾಲ್ ಪಿಚರ್ ಏಕೆ ಏರುತ್ತಾನೆ, ಏಕೆ ಜಾರುತ್ತಾನೆ?

2025ರ ಜುಲೈ 22ರಂದು ಷಿಕಾಗೋದ ರಿಗ್ಲಿ ಫೀಲ್ಡ್ ಮೈದಾನದಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ಪರ ಚೆಂಡೆಸೆಯಲು ನಿಂತ ರಿಚ್ ಹಿಲ್ ಅವರಿಗೆ ಆಗ 45 ವರ್ಷ. ಅಮೆರಿಕದ ಅತಿ ಮೇಲ್ಮಟ್ಟದ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಅದು ಅವರ 14ನೇ ತಂಡ. ಅಷ್ಟು ತಂಡಗಳಿಗೆ ಆಡಿದ್ದವರು ಅವರಿಗಿಂತ ಮುಂಚೆ ಎಡ್ವಿನ್ ಜಾಕ್ಸನ್ ಒಬ್ಬರೇ. ಎದುರಾಳಿ ಷಿಕಾಗೋ ಕಬ್ಸ್, ಅಂದರೆ 2005ರಲ್ಲಿ ಹಿಲ್ ಅವರನ್ನು ಮೊದಲ ಬಾರಿಗೆ ಮೇಜರ್ ಲೀಗ್‌ಗೆ ಇಳಿಸಿದ ತಂಡ. ಈ 20 ವರ್ಷಗಳಲ್ಲಿ ಭುಜಕ್ಕೆ, ಮೊಣಕೈಗೆ ಶಸ್ತ್ರಚಿಕಿತ್ಸೆಗಳಾದವು. ಹಲವು ತಂಡಗಳು ಕೈಬಿಟ್ಟವು. 35ನೇ ವಯಸ್ಸಿನಲ್ಲಿ ಯಾವ ದೊಡ್ಡ ತಂಡಕ್ಕೂ ಬೇಡವಾಗಿದ್ದರು. ಆಮೇಲೆ ಒಂದೂವರೆ ವರ್ಷದೊಳಗೆ 4.8 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದರು.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ಟೂ ಇದೆ, ಬೇಸ್‌ಬಾಲೂ ಇದೆ. ಕ್ರಿಕೆಟ್ 1900ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಮರಳುತ್ತಿರುವುದರಿಂದ ನಮ್ಮವರ ಕಣ್ಣು ಅತ್ತ ಇದ್ದೇ ಇರುತ್ತದೆ. ಅದೇ ಕೂಟದ ಬೇಸ್‌ಬಾಲೂ ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗಂತೂ ಇದು ಮಕ್ಕಳ ಶಾಲೆಯಂಗಳದ ಆಟ. ಈ ಆಟದಲ್ಲಿ ಅತಿ ಹೆಚ್ಚು ಏಳುಬೀಳು ಕಾಣುವವನು ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವನು. ಅದು ಹಣೆಬರಹದ ಮಾತಲ್ಲ. ಆ ಏಳುಬೀಳಿಗೆ ಬಿಡಿಸಿ ಹೇಳಬಹುದಾದ ಮೂರು ಕಾರಣಗಳಿವೆ: ಮೊಣಕೈಯ ಒಂದು ಚಿಕ್ಕ ಕಟ್ಟು, ಚೆಂಡಿನ ಮೇಲಿನ ಹಿಡಿತ, ಮತ್ತು ತಂಡದ ಪಟ್ಟಿಯ ನಿಯಮಗಳು. ಒಂದೊಂದೂ ತನ್ನಷ್ಟಕ್ಕೆ ಕೆಡಬಹುದು, ತನ್ನಷ್ಟಕ್ಕೆ ಸರಿಹೋಗಲೂಬಹುದು.

ಪಿಚರ್ ಮಾಡುವ ಕೆಲಸ

ಪಿಚರ್ ನಿಲ್ಲುವುದು ಮೈದಾನದ ನಡುವೆ 10 ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ. ಅದಕ್ಕೆ ಮೌಂಡ್ ಎನ್ನುತ್ತಾರೆ. ಅಲ್ಲಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್ ದೂರ. ಕ್ರಿಕೆಟ್ ಪಿಚ್ಚಿನ 22 ಗಜಕ್ಕಿಂತ ಒಂದೂವರೆ ಮೀಟರಿನಷ್ಟು ಕಡಿಮೆ. ಓಡಿ ಬರುವ ಅವಕಾಶವಿಲ್ಲ. ಚೆಂಡು ನೆಲಕ್ಕೆ ಬಡಿದು ಪುಟಿಯುವುದೂ ಇಲ್ಲ. ಒಂದು ಹೆಜ್ಜೆ ಮುಂದಿಟ್ಟು, ಮೈ ತಿರುಗಿಸಿ, ಮೊಣಕೈ ಮಡಚಿ ಎಸೆಯಬೇಕು. ಚೆಂಡಿನ ತೂಕ ಸುಮಾರು 142ರಿಂದ 149 ಗ್ರಾಂ. ಅದರ ಕೆಂಪು ದಾರದ ಹೊಲಿಗೆ ಉಬ್ಬಿರುತ್ತದೆ. ಪಿಚರ್‌ನ ಕಸುಬೆಲ್ಲ ಆ ಹೊಲಿಗೆಯ ಮೇಲೆ ಬೆರಳು ಎಲ್ಲಿಡುತ್ತಾನೆ ಎಂಬುದರಲ್ಲಿದೆ.

ಹೋಮ್ ಪ್ಲೇಟ್‌ನ ಅಗಲ 17 ಅಂಗುಲ. ಅದರ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯ ಕೆಳಭಾಗದವರೆಗಿನ ಗಾಳಿಯ ಚೌಕವೇ ಸ್ಟ್ರೈಕ್ ವಲಯ. ಅದರೊಳಗೆ ಬಂದ ಎಸೆತ, ಅಥವಾ ಬ್ಯಾಟರ್ ಬೀಸಿ ತಪ್ಪಿಸಿಕೊಂಡ ಎಸೆತ ಸ್ಟ್ರೈಕ್. ಹೊರಗೆ ಹೋಗಿ, ಬ್ಯಾಟರ್ ಬೀಸದೆ ಬಿಟ್ಟದ್ದು ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಇದು ಸ್ಟ್ರೈಕ್‌ಔಟ್. ನಾಲ್ಕು ಬಾಲ್ ಆದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ, ಅಂದರೆ ಒಂದು ರನ್‌ಗಾಗಿ ಸುತ್ತಬೇಕಾದ ನಾಲ್ಕು ನೆಲೆಗಳಲ್ಲಿ ಮೊದಲನೆಯದಕ್ಕೆ, ನಡೆದು ಹೋಗುತ್ತಾನೆ, ಇದು ವಾಕ್. ಮೂವರು ಔಟಾದರೆ ಒಂದು ತಂಡದ ಸರದಿ ಮುಗಿಯಿತು. ಎರಡೂ ತಂಡಗಳ ಸರದಿ ಸೇರಿ ಒಂದು ಇನಿಂಗ್, ಅಂಥ 9 ಇನಿಂಗ್ ಸೇರಿ ಒಂದು ಪಂದ್ಯ.

ಪಂದ್ಯ ಆರಂಭಿಸುವವನು ಸ್ಟಾರ್ಟರ್. ಸಾಮಾನ್ಯವಾಗಿ ತಂಡದಲ್ಲಿ ಐವರು ಸ್ಟಾರ್ಟರ್‌ಗಳು ಸರದಿಯಲ್ಲಿ ಆಡುತ್ತಾರೆ, ಆದ್ದರಿಂದ ಒಬ್ಬನ ಪಾಳಿ ಬರುವುದು ಐದು ಪಂದ್ಯಗಳಿಗೊಮ್ಮೆ. ಒಂದು ಪಾಳಿಯಲ್ಲಿ ಎಸೆತಗಳು 100ರ ಆಸುಪಾಸು ಬಂದಾಗ ಅವನನ್ನು ಇಳಿಸುತ್ತಾರೆ. ಆಮೇಲೆ ಒಂದೊಂದು ಇನಿಂಗ್‌ಗೆ ಬರುವವರು ರಿಲೀವರ್‌ಗಳು. ಇವರಿಗೆ ದಣಿವು ಕಡಿಮೆ, ವೇಗ ಹೆಚ್ಚು. ಆದರೆ ತಂಡದಲ್ಲಿ ಇವರ ಜಾಗ ಯಾವಾಗಲೂ ಅಲುಗಾಡುತ್ತಿರುತ್ತದೆ.

ಇನ್ನೊಂದು ಅಂಕಿ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಪಿಚರ್‌ನ ತಪ್ಪಿನಿಂದ ಹೋದ ರನ್‌ಗಳನ್ನು 9ರಿಂದ ಗುಣಿಸಿ, ಅವನು ಎಸೆದ ಇನಿಂಗ್‌ಗಳಿಂದ ಭಾಗಿಸಿದರೆ ಬರುವುದು ಇಆರ್‌ಎ. 60 ಇನಿಂಗ್‌ಗಳಲ್ಲಿ 20 ರನ್ ಕೊಟ್ಟರೆ ಇಆರ್‌ಎ 3.00. ಫೀಲ್ಡರ್‌ನ ಎಡವಟ್ಟಿನಿಂದ ಹೋದ ರನ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಮೇಜರ್ ಲೀಗ್‌ನಲ್ಲಿ 4ರ ಆಸುಪಾಸು ಸಾಧಾರಣ, 3ಕ್ಕಿಂತ ಕೆಳಗೆ ಬಹಳ ಒಳ್ಳೆಯದು, 6 ದಾಟಿದರೆ ಕೆಲಸ ಉಳಿಯುವುದು ಕಷ್ಟ.

ಮೊಣಕೈಯ ಒಳಬದಿಯ ಕಟ್ಟು

ಕ್ರಿಕೆಟ್ ಬೌಲರ್ ತೋಳನ್ನು ನೇರವಾಗಿಟ್ಟು ಸುತ್ತುತ್ತಾನೆ. ನಿಯಮದ ಪ್ರಕಾರ ಮಡಚಿದ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗುವಂತಿಲ್ಲ. ಓಟದ ರಭಸವನ್ನು ಮುಂಗಾಲು ತಡೆದಾಗ ಬೀಳುವ ಹೊರೆ ಸೊಂಟದ ಬೆನ್ನುಮೂಳೆಗೆ ಹೋಗುತ್ತದೆ. ನಮ್ಮ ಪ್ರಸಿದ್ಧ್ ಕೃಷ್ಣ 2023ರ ಐಪಿಎಲ್ ಪೂರ್ತಿ ಹೊರಗುಳಿದದ್ದು ಬೆನ್ನುಮೂಳೆಯ ಸೂಕ್ಷ್ಮ ಬಿರುಕಿನಿಂದ. ಪಿಚರ್‌ನ ಹೊರೆ ಬೀಳುವ ಜಾಗ ಬೇರೆ. ಅವನ ಮುಂಗೈ ಮೊದಲು ಹಿಂದಕ್ಕೆ ಬಾಗಿ, ಅಂಗೈ ಬಹುತೇಕ ಆಕಾಶ ನೋಡುವ ಸ್ಥಿತಿಗೆ ಬರುತ್ತದೆ. ಆಮೇಲೆ ಭುಜ ಒಳಮುಖವಾಗಿ ತಿರುಗುತ್ತದೆ. ಆ ತಿರುಗುವಿಕೆಯ ವೇಗ ಸೆಕೆಂಡಿಗೆ ಸುಮಾರು 7,000 ಡಿಗ್ರಿ. ಮನುಷ್ಯನ ಕೀಲುಗಳು ಮಾಡುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಹಿಂದಕ್ಕೆ ಬಾಗಿದ ಮುಂಗೈ ಮುಂದಕ್ಕೆ ಚಿಮ್ಮಲು ತೊಡಗುವ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿಬಿಟ್ಟಂತೆ ತೆರೆದುಕೊಳ್ಳಲು ಎಳೆಯುತ್ತದೆ. ಅದನ್ನು ತಡೆದು ಹಿಡಿಯುವುದು ತೋಳಿನ ಎಲುಬನ್ನೂ ಮುಂಗೈಯ ಎಲುಬನ್ನೂ ಕಟ್ಟಿರುವ ಒಂದು ಚಿಕ್ಕ ಪಟ್ಟಿ. ಎಲುಬಿಗೆ ಎಲುಬನ್ನು ಕಟ್ಟುವ ಇಂಥ ಪಟ್ಟಿಗೆ ಲಿಗಮೆಂಟ್ ಎಂದು ಹೆಸರು. ಪ್ರಯೋಗಾಲಯಗಳಲ್ಲಿ ಅಳೆದಾಗ, ವೇಗದ ಒಂದು ಎಸೆತದಲ್ಲಿ ಈ ಪಟ್ಟಿಯ ಮೇಲೆ ಬೀಳುವ ಹೊರೆ ಅದು ಹರಿಯುವ ಮಿತಿಯ ಹತ್ತಿರವೇ ಇರುತ್ತದೆಂದು ಕಂಡುಬಂದಿದೆ. ಹಾಗಾದರೆ ಪ್ರತಿ ಎಸೆತಕ್ಕೂ ಏಕೆ ಹರಿಯುವುದಿಲ್ಲ? ಮುಂಗೈಯ ಒಳಬದಿಯ ಸ್ನಾಯುಗಳು ಅದೇ ಕ್ಷಣದಲ್ಲಿ ಬಿಗಿಯಾಗಿ ಹೊರೆಯ ಒಂದು ಪಾಲನ್ನು ಹೊರುತ್ತವೆ. ಸ್ನಾಯು ದಣಿದರೆ ಆ ಪಾಲೂ ಲಿಗಮೆಂಟಿನ ಮೇಲೆಯೇ ಬೀಳುತ್ತದೆ. 20ನೇ ಎಸೆತಕ್ಕಿಂತ 95ನೇ ಎಸೆತ ಅಪಾಯಕಾರಿ ಎನ್ನುವುದು ಇದಕ್ಕೇ.

ಲಿಗಮೆಂಟ್ ಸಾಮಾನ್ಯವಾಗಿ ಒಂದೇ ಏಟಿಗೆ ಹರಿಯುವುದಿಲ್ಲ. ಬಾವಿಯ ಹಗ್ಗ ರಾಟೆಗೆ ಉಜ್ಜುವ ಜಾಗದಲ್ಲೇ ಎಳೆ ಎಳೆಯಾಗಿ ಸವೆದು ಒಂದು ದಿನ ಕಡಿದು ಕೊಡ ಬಾವಿಯ ತಳ ಸೇರುವಂತೆ, ಇದೂ ಒಳಗೊಳಗೇ ಸವೆಯುತ್ತ ಬಂದಿರುತ್ತದೆ. ಅದಕ್ಕೆ ರಕ್ತ ಪೂರೈಕೆ ಕಡಿಮೆ. ಆದ್ದರಿಂದ ತಾನಾಗಿ ಮಾಯುವುದು ನಿಧಾನ. ಪಿಚರ್‌ಗೆ ಮೊದಲು ಕಾಣುವುದು ನೋವೇ ಆಗಿರಬೇಕಿಲ್ಲ. ಗುರಿ ತಪ್ಪುತ್ತದೆ, ವೇಗ ಮೂರು ನಾಲ್ಕು ಕಿ.ಮೀ. ಇಳಿಯುತ್ತದೆ, ಎಸೆದ ಮರುದಿನ ಮುಂಗೈ ಬಿಗಿಯಾಗಿರುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ. ಮುಂಗೈ ಬಿಗಿತ ಎಂದು ತಂಡ ಪ್ರಕಟಿಸಿದ ಸುದ್ದಿಯನ್ನು ಬೇಸ್‌ಬಾಲ್ ಬಲ್ಲವರು ಆತಂಕದಿಂದ ಓದುವುದು ಇದರಿಂದ.

ಈ ಗಾಯ ಈಗ ಹಿಂದಿಗಿಂತ ಹೆಚ್ಚು ಏಕೆ ಎಂಬುದಕ್ಕೆ ಮೇಜರ್ ಲೀಗ್ ಬೇಸ್‌ಬಾಲ್ 2024ರ ಡಿಸೆಂಬರ್‌ನಲ್ಲಿ ವರದಿಯೊಂದನ್ನು ಹೊರತಂದಿತು. 2008ರಲ್ಲಿ ಫಾಸ್ಟ್‌ಬಾಲ್‌ನ, ಅಂದರೆ ಪಿಚರ್‌ನ ಅತಿ ವೇಗದ ಎಸೆತದ, ಸರಾಸರಿ ವೇಗ ಗಂಟೆಗೆ 91.3 ಮೈಲಿ, ಅಂದರೆ ಸುಮಾರು 147 ಕಿ.ಮೀ. 2024ರಲ್ಲಿ 94.2 ಮೈಲಿ, ಸುಮಾರು 152 ಕಿ.ಮೀ. ಹೆಚ್ಚು ವೇಗ, ಹೆಚ್ಚು ತಿರುವು, ಪ್ರತಿ ಎಸೆತಕ್ಕೂ ಪೂರ್ಣ ಶಕ್ತಿ ಎಂಬ ಅಭ್ಯಾಸಕ್ಕೆ ಆ ವರದಿ ಬೊಟ್ಟು ಮಾಡಿತು. ಪಿಚರ್‌ಗಳಿಗೆ ಇದು ಗೊತ್ತಿಲ್ಲವೆಂದಲ್ಲ. ವೇಗವಿದ್ದರೆ ಆಯ್ಕೆ, ಆಯ್ಕೆಯಾದರೆ ಹಣ. ಮೊಣಕೈ ಹೋಗುವುದು ಆಮೇಲಿನ ಮಾತು. ಹಾಗಾಗಿ ಅದನ್ನು ಪಣಕ್ಕಿಡುತ್ತಾರೆ.

ಟಾಮಿ ಜಾನ್ ಹೆಸರಿನ ಶಸ್ತ್ರಚಿಕಿತ್ಸೆ

1974ರವರೆಗೆ ಈ ಲಿಗಮೆಂಟ್ ಹರಿದರೆ ಪಿಚರ್‌ನ ಆಟ ಮುಗಿದಂತೆ. ಆ ವರ್ಷ ಲಾಸ್ ಏಂಜಲಿಸ್ ಡಾಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ 13 ಗೆಲುವು, 3 ಸೋಲಿನೊಂದಿಗೆ ಒಳ್ಳೆಯ ಲಯದಲ್ಲಿದ್ದರು (ಪ್ರತಿ ಪಂದ್ಯದ ಗೆಲುವು, ಸೋಲನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುವುದು ಈ ಆಟದ ವಾಡಿಕೆ). ಜುಲೈನಲ್ಲಿ ಒಂದು ಎಸೆತದಲ್ಲಿ ಮೊಣಕೈ ಕೈಕೊಟ್ಟಿತು. ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಹೊಸದೊಂದು ಪ್ರಯತ್ನ ಮಾಡಿದರು. ಇನ್ನೊಂದು ಕೈಯ ಮುಂಗೈಯಿಂದ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ದಾರ, ತೆಗೆದು, ಮೊಣಕೈಯ ಎರಡೂ ಎಲುಬುಗಳಲ್ಲಿ ರಂಧ್ರ ಕೊರೆದು, ಹರಿದ ಲಿಗಮೆಂಟಿನ ಜಾಗದಲ್ಲಿ ಹೆಣೆದರು. ಯಶಸ್ಸಿನ ಸಾಧ್ಯತೆ ನೂರಕ್ಕೆ ಒಂದು ಎಂಬುದು ಜೋಬ್ ಅವರ ಆಗಿನ ಅಂದಾಜು. ಜಾನ್ 1975 ಪೂರ್ತಿ ಆಡಲಿಲ್ಲ. 1976ರಲ್ಲಿ ಮರಳಿದರು, 1989ರವರೆಗೆ ಎಸೆದರು. ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರ.

ಇಂದಿಗೂ ವಿಧಾನದ ತಿರುಳು ಅದೇ. ತೆಗೆಯುವ ಟೆಂಡನ್ ಮುಂಗೈಯದು, ಇಲ್ಲವೇ ತೊಡೆಯ ಹಿಂಬದಿಯದು. ಮುಂಗೈಯ ಆ ಟೆಂಡನ್ ಎಲ್ಲರಿಗೂ ಇರುವುದಿಲ್ಲ; ಇದ್ದವರಿಗೂ ಅದಿಲ್ಲದೆ ಕೈಯ ಕೆಲಸ ನಿಲ್ಲುವುದಿಲ್ಲ. ಈಚೆಗೆ, ಲಿಗಮೆಂಟಿಗೆ ಹೊಲಿಗೆ ಹಾಕಿ ಅದರ ಮೇಲೆ ಗಟ್ಟಿ ನಾರಿನ ಪಟ್ಟಿ ಜೋಡಿಸುವ ಇನ್ನೊಂದು ವಿಧಾನವೂ ಬಂದಿದೆ.

ಕಷ್ಟದ ಭಾಗ ಶಸ್ತ್ರಚಿಕಿತ್ಸೆಯಲ್ಲ, ಆಮೇಲಿನ ಕಾಯುವಿಕೆ. ಹೊಸದಾಗಿ ಹಾಕಿದ್ದು ಟೆಂಡನ್. ಅದು ಲಿಗಮೆಂಟಿನಂತೆ ಕೆಲಸ ಮಾಡಲು ಒಳಗೆ ರಕ್ತನಾಳ ಬೆಳೆದು, ಅದರ ರಚನೆಯೇ ಮಾರ್ಪಡಬೇಕು. ಮೊದಲ ಕೆಲವು ವಾರ ಮೊಣಕೈಗೆ ಕೀಲುಪಟ್ಟಿ. ಬಾಗುವ ಕೋನವನ್ನು ದಿನೇದಿನೇ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ. ಆಮೇಲೆ ಭುಜ, ಮುಂಗೈ, ಕಾಲುಗಳಿಗೆ ವ್ಯಾಯಾಮ. ನಾಲ್ಕೈದು ತಿಂಗಳಿಗೆ ಮೊದಲ ಎಸೆತ: 45 ಅಡಿ ದೂರಕ್ಕೆ, ಮೆಲ್ಲಗೆ, ಎಣಿಸಿ. ದೂರವನ್ನು ಹಂತಹಂತವಾಗಿ 60, 90, 120 ಅಡಿಗೆ ಏರಿಸುತ್ತಾರೆ. ಒಂದು ಹಂತದಲ್ಲಿ ನೋವು ಬಂದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಮೌಂಡ್ ಹತ್ತುವುದು ಒಂಬತ್ತು ತಿಂಗಳ ಹೊತ್ತಿಗೆ, ಪಂದ್ಯ 12ರಿಂದ 18 ತಿಂಗಳಿಗೆ. ಇಲ್ಲಿ ಆಗುವ ದೊಡ್ಡ ತಪ್ಪು ಅವಸರ. ಆರೇಳು ತಿಂಗಳಿಗೆ ಕೈ ಹಗುರಾಗಿ, ನೋವೇ ಇಲ್ಲವೆನಿಸುತ್ತದೆ. ಆದರೆ ಒಳಗಿನ ಕಸಿ ಇನ್ನೂ ಮಾಗಿರುವುದಿಲ್ಲ.

ಈ ಶಸ್ತ್ರಚಿಕಿತ್ಸೆಯಿಂದ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಅಮೆರಿಕದ ಪೋಷಕರಲ್ಲೂ ಇದೆ. ಅದು ತಪ್ಪು. ಯಾರಿಗಾದರೂ ವೇಗ ಹೆಚ್ಚಿದ್ದರೆ ಅದು ಒಂದು ವರ್ಷ ಮೈ ದಂಡಿಸಿದ್ದರ ಫಲವೇ ಹೊರತು ಹೊಸ ದಾರದ್ದಲ್ಲ. ಎಲ್ಲರೂ ಮರಳುವುದಿಲ್ಲ, ಮರಳಿದವರಲ್ಲಿ ಕೆಲವರಿಗೆ ಮತ್ತೆ ಬೇಕಾಗುತ್ತದೆ. ಜಪಾನಿನ ಶೊಹೆ ಒಹ್ತಾನಿ 2018ರ ಅಕ್ಟೋಬರಿನಲ್ಲಿ ಒಮ್ಮೆ, 2023ರ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಮೊಣಕೈ ಕೊಯ್ಸಿಕೊಂಡರು. 2024ರಲ್ಲಿ ಬರೀ ಬ್ಯಾಟರ್ ಆಗಿ ಆಡಿದರು, ಮೌಂಡಿಗೆ ಮರಳಿದ್ದು 2025ರ ಜೂನ್ 16ರಂದು. ಒಹ್ತಾನಿ ಆ ಅವಧಿಯಲ್ಲಿ ಬ್ಯಾಟ್ ಹಿಡಿದು ತಂಡದಲ್ಲಿ ಉಳಿದರು. ಬರೀ ಪಿಚರ್ ಆದವನಿಗೆ ಆ ದಾರಿಯಿಲ್ಲ.

ಕೈ ನೆಟ್ಟಗಿದ್ದರೂ ಗುರಿ ತಪ್ಪುವುದು

ಚೆಂಡು ಬೆರಳು ಬಿಟ್ಟ ಮೇಲೆ ಪ್ಲೇಟ್‌ವರೆಗೆ ಸುಮಾರು 17 ಮೀಟರ್ ಹಾರುತ್ತದೆ. ಬಿಡುವ ದಿಕ್ಕಿನಲ್ಲಿ ಒಂದೇ ಡಿಗ್ರಿ ವ್ಯತ್ಯಾಸವಾದರೆ ಪ್ಲೇಟ್ ಬಳಿ ಅದು ಸುಮಾರು 30 ಸೆಂ.ಮೀ. ಆಗುತ್ತದೆ. ಪ್ಲೇಟ್‌ನ ಅಗಲವೇ 43 ಸೆಂ.ಮೀ. ಸಾವಿರಾರು ಎಸೆತಗಳಲ್ಲಿ ಬೆರಳು ಚೆಂಡನ್ನು ಬಿಡುವ ಬಿಂದು ಒಂದೇ ಕಡೆ ಇರಬೇಕಾದ ಕಾರಣ ಇದು. ಆ ಬಿಂದು ಸರಿಯಲು ಮೊಣಕೈಯೇ ಕೆಡಬೇಕಿಲ್ಲ. ಬೆನ್ನು ನೋವಿಗೆ ಹೆಜ್ಜೆ ಗಿಡ್ಡವಾದರೂ ಸಾಕು, ಮುಂಗಾಲು ಬೇಗ ತೆರೆದುಕೊಂಡರೂ ಸಾಕು, ಬೆರಳ ತುದಿಯಲ್ಲಿ ಬೊಬ್ಬೆ ಎದ್ದರೂ ಸಾಕು.

ಯಾವ ಗಾಯವೂ ಇಲ್ಲದೆ ಹಿಡಿತ ಪೂರ್ತಿ ಕಳಚಿ ಹೋಗುವುದೂ ಉಂಟು. 2000ದ ಅಕ್ಟೋಬರ್ 3ರಂದು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ 21 ವರ್ಷದ ರಿಕ್ ಆಂಕೀಲ್, ಅಟ್ಲಾಂಟ ಬ್ರೇವ್ಸ್ ವಿರುದ್ಧದ ಪ್ಲೇಆಫ್ ಪಂದ್ಯದ ಮೂರನೇ ಇನಿಂಗ್‌ನಲ್ಲಿ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೂ ಹಿಡಿಯಲಾಗದ ಐದು ಎಸೆತಗಳನ್ನು ಎಸೆದರು. ಆ ಋತುವಿನ ಅತ್ಯಂತ ಭರವಸೆಯ ಯುವ ಪಿಚರ್‌ಗಳಲ್ಲಿ ಒಬ್ಬರವರು. ಮುಂದೆ ಹಲವು ವರ್ಷ ಪ್ರಯತ್ನಪಟ್ಟರೂ ಮೊದಲಿನ ಹಿಡಿತ ಬರಲಿಲ್ಲ. 2005ರಲ್ಲಿ ಪಿಚಿಂಗ್ ಬಿಟ್ಟರು, ಬ್ಯಾಟಿಂಗ್ ಕಲಿತರು, 2007ರಲ್ಲಿ ಔಟ್‌ಫೀಲ್ಡರ್ ಆಗಿ ಮೇಜರ್ ಲೀಗ್‌ಗೆ ಮರಳಿದರು. ಇಂಥ ಸ್ಥಿತಿಗೆ ಆಟಗಾರರು ಯಿಪ್ಸ್ ಎನ್ನುತ್ತಾರೆ. ಯೋಚನೆಯಿಲ್ಲದೆ ಆಗುತ್ತಿದ್ದ ಚಲನೆಯ ಮೇಲೆ ಮನಸ್ಸು ಕಾವಲು ಕೂತಾಗ ಆ ಚಲನೆ ಒಡೆದು ಹೋಗುತ್ತದೆ. ಗಮನವಿಟ್ಟು ಸರಿಪಡಿಸಲು ಹೋದಷ್ಟೂ ಕೆಡುತ್ತದೆ, ಅದೇ ಇದರ ಕ್ರೌರ್ಯ.

ಪಟ್ಟಿಯ ನಿಯಮಗಳು

ಮೂರನೆಯ ಕಾರಣ ಮೈದಾನದ ಹೊರಗಿನದು. ಮೇಜರ್ ಲೀಗ್‌ನ 30 ತಂಡಗಳಲ್ಲಿ ಪ್ರತಿಯೊಂದಕ್ಕೂ ಆಡುವ ಪಟ್ಟಿ 26 ಜನರದು. ಅದರ ಹಿಂದೆ 40 ಜನರ ದೊಡ್ಡ ಪಟ್ಟಿ. ಕೆಳಗೆ ಮೈನರ್ ಲೀಗ್‌ನ ಮೆಟ್ಟಿಲುಗಳು: ಎಲ್ಲಕ್ಕಿಂತ ಮೇಲೆ ಟ್ರಿಪಲ್ ಎ, ಅದರ ಕೆಳಗೆ ಡಬಲ್ ಎ, ಹೈ ಎ, ಸಿಂಗಲ್ ಎ.

40ರ ಪಟ್ಟಿಯಲ್ಲಿರುವ ಯುವ ಆಟಗಾರನನ್ನು ಸಾಮಾನ್ಯವಾಗಿ ಮೂರು ಋತುಗಳವರೆಗೆ, ಅವನ ಒಪ್ಪಿಗೆ ಕೇಳದೆ ಕೆಳಕ್ಕೂ ಮೇಲಕ್ಕೂ ಕಳಿಸಬಹುದು. ಇದಕ್ಕೆ ಆಪ್ಷನ್ ಎನ್ನುತ್ತಾರೆ. 2022ರಿಂದ ಒಂದು ಋತುವಿನಲ್ಲಿ ಐದು ಬಾರಿ ಎಂಬ ಮಿತಿ ಬಂದಿದೆ. ರಿಲೀವರ್ ಒಬ್ಬ ನಿನ್ನೆ ಚೆನ್ನಾಗಿ ಎಸೆದೂ ಇಂದು ಕೆಳಕ್ಕೆ ಹೋಗುವುದು ಇದರಿಂದ: ಅವನ ತೋಳು ದಣಿದಿದೆ, ತಂಡಕ್ಕೆ ಇಂದು ಹೊಸ ತೋಳು ಬೇಕು. ಅದು ಅವನ ಆಟದ ಮೇಲಿನ ತೀರ್ಪಲ್ಲ. ಆಪ್ಷನ್‌ಗಳು ಮುಗಿದವನನ್ನು ಹೀಗೆ ಕಳಿಸಲಾಗದು. ಅವನನ್ನು 40ರ ಪಟ್ಟಿಯಿಂದ ತೆಗೆದರೆ ಏಳು ದಿನದೊಳಗೆ ಬೇರೆ ತಂಡಕ್ಕೆ ಕೊಡಬೇಕು, ಬಿಡುಗಡೆ ಮಾಡಬೇಕು, ಇಲ್ಲವೇ ಉಳಿದ ತಂಡಗಳಿಗೆ ಅವನನ್ನು ಎತ್ತಿಕೊಳ್ಳುವ ಅವಕಾಶ ಕೊಟ್ಟು, ಯಾರೂ ಎತ್ತಿಕೊಳ್ಳದಿದ್ದರೆ ಕೆಳಕ್ಕೆ ಕಳಿಸಬೇಕು.

ಈ ಮೆಟ್ಟಿಲುಗಳ ನಡುವಿನ ಅಂತರ ಹಣದಲ್ಲಿ ದೊಡ್ಡದು. 2023ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,20,000 ಡಾಲರ್. ಅದೇ ವರ್ಷ ಟ್ರಿಪಲ್ ಎಯಲ್ಲಿ, 40ರ ಪಟ್ಟಿಯಲ್ಲಿಲ್ಲದವನಿಗೆ ಒಪ್ಪಂದದ ಕನಿಷ್ಠ 35,800 ಡಾಲರ್. ಒಂದೇ ಮೆಟ್ಟಿಲು, 20 ಪಟ್ಟು ವ್ಯತ್ಯಾಸ. ಅದಕ್ಕೂ ಮುಂಚೆ ಮೈನರ್ ಲೀಗ್ ಸಂಬಳ ಇನ್ನೂ ತೀರಾ ಕಡಿಮೆಯಿತ್ತು. ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಮೂರು ವರ್ಷ ತುಂಬುವವರೆಗೆ ಬಹುತೇಕ ತಂಡ ಕೊಟ್ಟದ್ದೇ ಸಂಬಳ. ಆಮೇಲೆ ಮಧ್ಯಸ್ಥಗಾರರ ಮುಂದೆ ವಾದಿಸಬಹುದು. ಆರು ವರ್ಷವಾದ ಮೇಲೆ ಯಾವ ತಂಡಕ್ಕಾದರೂ ಹೋಗಬಹುದು, ದೊಡ್ಡ ಒಪ್ಪಂದ ಬರುವುದು ಆಗ. 22ಕ್ಕೆ ಬಂದ ಪಿಚರ್ 28 ತಲುಪುವಷ್ಟರಲ್ಲಿ ಮೊಣಕೈ ಉಳಿದಿರಬೇಕು. ಬಹುಮಂದಿಯ ಲೆಕ್ಕ ತಪ್ಪುವುದು ಇಲ್ಲಿ. ಸಹಿಯಾದ ಒಪ್ಪಂದದ ಹಣ ಮಾತ್ರ ಗಾಯವಾದರೂ ಪೂರ್ತಿ ಸಿಗುತ್ತದೆ.

ರಿಚ್ ಹಿಲ್: ಮೂರೂ ಒಬ್ಬರಲ್ಲೇ

ಮ್ಯಾಸಚೂಸೆಟ್ಸ್ ರಾಜ್ಯದ ಮಿಲ್ಟನ್‌ನ ಎಡಗೈ ಪಿಚರ್ ಹಿಲ್ ಅವರನ್ನು ಕಬ್ಸ್ 2002ರ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ನಾಲ್ಕನೇ ಸುತ್ತಿನಲ್ಲಿ ಆಯ್ಕೆ ಮಾಡಿತು. 2007ರಲ್ಲಿ ಪೂರ್ಣ ಋತು ಸ್ಟಾರ್ಟರ್ ಆಗಿ 195 ಇನಿಂಗ್ ಎಸೆದು, 11 ಗೆದ್ದು, 183 ಸ್ಟ್ರೈಕ್‌ಔಟ್ ಪಡೆದರು. ಇಆರ್‌ಎ 3.92. ಮುಂದಿನ ಹತ್ತು ವರ್ಷ ಗಟ್ಟಿ ಎನಿಸುವ ಅಂಕಿಗಳು.

2008ರಲ್ಲಿ ಹಿಡಿತ ಹೋಯಿತು. 20 ಇನಿಂಗ್ ಕೂಡ ತುಂಬುವ ಮುನ್ನ 18 ವಾಕ್ ಕೊಟ್ಟರು. ತಂಡ ಕೆಳಕ್ಕೆ ಕಳಿಸಿತು. ಬಾಲ್ಟಿಮೋರ್‌ಗೆ ಹೋದರೆ 2009ರಲ್ಲಿ ಇಆರ್‌ಎ 7.80. ಭುಜದ ಕೀಲಿನ ಅಂಚು ಹರಿದಿತ್ತು, ಶಸ್ತ್ರಚಿಕಿತ್ಸೆ ಆಯಿತು. ಬಾಸ್ಟನ್ ರೆಡ್ ಸಾಕ್ಸ್ ಸೇರಿ, ತೋಳನ್ನು ಕೆಳಗಿನ ಕೋನದಿಂದ ಬೀಸುವ ರಿಲೀವರ್ ಆಗಿ ಬದಲಾದರು. 2011ರಲ್ಲಿ 8 ಇನಿಂಗ್‌ಗಳಲ್ಲಿ ಒಂದೂ ರನ್ ಬಿಟ್ಟುಕೊಡಲಿಲ್ಲ. ಹಾದಿ ಸಿಕ್ಕಿತೆನ್ನುವಾಗ ಮೊಣಕೈ ಲಿಗಮೆಂಟ್ ಹರಿಯಿತು. ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಮರಳಿ ಬಂದು 2012ರಲ್ಲಿ ಚೆನ್ನಾಗಿ ಎಸೆದರು, ಮರುವರ್ಷ ಕ್ಲೀವ್‌ಲೆಂಡ್‌ನಲ್ಲಿ ಇಆರ್‌ಎ 6.28. ಎಡಗೈ ಬ್ಯಾಟರ್ ಒಬ್ಬನಿಗೆಂದೇ ಕರೆಸುವ ರಿಲೀವರ್‌ನ ಪಾತ್ರ ಅವರದಾಗಿತ್ತು. 2015ರ ಬೇಸಿಗೆಯಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್‌ನ ಟ್ರಿಪಲ್ ಎ ತಂಡದಿಂದಲೂ ಬಿಡುಗಡೆಯಾಯಿತು.

ಇಲ್ಲಿಂದ ಮುಂದಿನದು ಪಿಚಿಂಗ್ ಎಂದರೇನೆಂದು ತೋರಿಸುವ ಭಾಗ. ಹಿಲ್ ಮತ್ತೆ ಸ್ಟಾರ್ಟರ್ ಆಗಲು ನಿಶ್ಚಯಿಸಿ, ತೋಳಿನ ಕೋನವನ್ನು ಹಿಂದಿನಂತೆ ಮೇಲಕ್ಕೇರಿಸಿ, ಮೇಜರ್ ಲೀಗ್ ಜೊತೆ ಸಂಬಂಧವೇ ಇಲ್ಲದ ಲಾಂಗ್ ಐಲೆಂಡ್ ಡಕ್ಸ್ ಎಂಬ ತಂಡಕ್ಕೆ ಎರಡು ಪಂದ್ಯ ಎಸೆದರು: 11 ಇನಿಂಗ್, 21 ಸ್ಟ್ರೈಕ್‌ಔಟ್, ಸೊನ್ನೆ ರನ್. ರೆಡ್ ಸಾಕ್ಸ್ ತನ್ನ ಟ್ರಿಪಲ್ ಎ ತಂಡಕ್ಕೆ ಕರೆಸಿಕೊಂಡಿತು. ಅಲ್ಲಿ ಎಸೆತಗಳ ಅಂಕಿಅಂಶ ನೋಡಿಕೊಳ್ಳುತ್ತಿದ್ದ, ಹಿಂದೆ ತಾವೂ ಪಿಚರ್ ಆಗಿದ್ದ ಬ್ರಯನ್ ಬ್ಯಾನಿಸ್ಟರ್ ಹಿಲ್‌ಗೆ ಹೇಳಿದ್ದರ ಸಾರ ಇಷ್ಟೇ: ನಿಮ್ಮ ಕರ್ವ್‌ಬಾಲ್ ಅಸಾಧಾರಣ, ಅದನ್ನು ತುಂಬಾ ಹೆಚ್ಚು ಎಸೆಯಿರಿ.

ಫಾಸ್ಟ್‌ಬಾಲ್ ಹಿಂಬದಿಗೆ ತಿರುಗುತ್ತ ಹಾರುತ್ತದೆ. ಗಾಳಿ ಅದನ್ನು ಎತ್ತಿ ಹಿಡಿಯುವುದರಿಂದ ಬ್ಯಾಟರ್ ಎಣಿಸಿದ್ದಕ್ಕಿಂತ ಕಡಿಮೆ ಬೀಳುತ್ತದೆ. ಕರ್ವ್‌ಬಾಲ್ ಮುಂಬದಿಗೆ ತಿರುಗುತ್ತದೆ. ಗುರುತ್ವಕ್ಕೆ ಗಾಳಿಯ ಒತ್ತಡವೂ ಸೇರಿ ಕೊನೆಯ ಕ್ಷಣದಲ್ಲಿ ಮುಗ್ಗರಿಸಿದಂತೆ ಕೆಳಗೆ ಬೀಳುತ್ತದೆ. ಕರ್ವ್‌ಬಾಲ್ ಎಂದರೆ ಬ್ಯಾಟರ್‌ನನ್ನು ಫಾಸ್ಟ್‌ಬಾಲ್‌ನ ನಡುವೆ ಬೆಚ್ಚಿಬೀಳಿಸಲು ಆಗಾಗ ಎಸೆಯುವಂಥದ್ದು ಎಂಬುದು ಹಳೆಯ ನಂಬಿಕೆ. ಹಿಲ್ ಹೆಚ್ಚುಕಡಿಮೆ ಎರಡು ಎಸೆತಕ್ಕೆ ಒಂದು ಕರ್ವ್ ಎಸೆಯತೊಡಗಿದರು. ಒಂದೇ ಕರ್ವ್‌ನಲ್ಲೂ ವೇಗ ಬದಲಿಸಿದರು, ತೋಳಿನ ಕೋನ ಬದಲಿಸಿದರು. ಅವರ ಫಾಸ್ಟ್‌ಬಾಲ್ ಗಂಟೆಗೆ 145 ಕಿ.ಮೀ. ಆಸುಪಾಸು, ಅಂದರೆ ಲೀಗ್‌ನ ಸರಾಸರಿಗಿಂತ ನಿಧಾನ. 120 ಕಿ.ಮೀ.ಯ ಕರ್ವ್ ನೋಡಿ ನೋಡಿ ನಿಧಾನಕ್ಕೆ ಒಗ್ಗಿದ ಕಣ್ಣಿಗೆ ಅದೇ ಫಾಸ್ಟ್‌ಬಾಲ್ ಸಿಡಿದಂತೆ ಕಾಣುತ್ತಿತ್ತು. ಮೈಗೆ ಹೊಸ ಶಕ್ತಿ ಬಂದದ್ದಲ್ಲ. ಇದ್ದ ಎರಡು ಎಸೆತಗಳ ಪಾಲು ಬದಲಾಯಿತು, ಅಷ್ಟೇ.

2015ರ ಸೆಪ್ಟೆಂಬರ್‌ನಲ್ಲಿ ನಾಲ್ಕು ಪಂದ್ಯಗಳಲ್ಲಿ 29 ಇನಿಂಗ್, 36 ಸ್ಟ್ರೈಕ್‌ಔಟ್, ಇಆರ್‌ಎ 1.55. ಓಕ್ಲೆಂಡ್ 60 ಲಕ್ಷ ಡಾಲರ್‌ಗೆ ಒಂದು ವರ್ಷದ ಒಪ್ಪಂದ ಕೊಟ್ಟಿತು. 2016ರ ಆಗಸ್ಟ್ 1ರಂದು ಡಾಜರ್ಸ್‌ಗೆ ವರ್ಗಾಯಿಸಿತು. ಆ ಋತುವಿನ ಇಆರ್‌ಎ 2.12. ವರ್ಷಾಂತ್ಯಕ್ಕೆ ಡಾಜರ್ಸ್ ಜೊತೆ ಮೂರು ವರ್ಷಕ್ಕೆ 4.8 ಕೋಟಿ ಡಾಲರ್.

ಎತ್ತರದಲ್ಲೂ ಬೀಳುಗಳು ತಪ್ಪಲಿಲ್ಲ. ಕರ್ವ್‌ಬಾಲ್ ಎಸೆಯುವಾಗ ಮಧ್ಯಬೆರಳು ಹೊಲಿಗೆಗೆ ಒತ್ತಿ ಎಳೆಯುವುದರಿಂದ ಬೊಬ್ಬೆ ಏಳುತ್ತದೆ. ಹೆಚ್ಚು ಕರ್ವ್ ಎಸೆದಷ್ಟೂ ಹೆಚ್ಚು. 2016ರ ಸೆಪ್ಟೆಂಬರ್ 10ರಂದು ಮಯಾಮಿ ವಿರುದ್ಧ ಏಳು ಇನಿಂಗ್‌ಗಳಲ್ಲಿ 21 ಬ್ಯಾಟರ್‌ಗಳನ್ನೂ ಸಾಲಾಗಿ ಔಟ್ ಮಾಡಿದ್ದರು. 27 ಜನರನ್ನು ಹೀಗೆ ಔಟ್ ಮಾಡಿದರೆ ಅದು ಪರ್ಫೆಕ್ಟ್ ಗೇಮ್, ಆಟದ ಅತಿ ಅಪರೂಪದ ಸಾಧನೆ. ಬೊಬ್ಬೆ ಮರಳುವ ಭಯದಿಂದ ತರಬೇತುದಾರ ಡೇವ್ ರಾಬರ್ಟ್ಸ್ ಅಲ್ಲಿಗೇ ಅವರನ್ನು ಇಳಿಸಿದರು. ಮರುವರ್ಷ ಆಗಸ್ಟ್ 23ರಂದು ಪಿಟ್ಸ್‌ಬರ್ಗ್‌ನಲ್ಲಿ ಎಂಟು ಇನಿಂಗ್ ಪರ್ಫೆಕ್ಟ್. ಒಂಬತ್ತನೆಯದರಲ್ಲಿ ಸಹ ಆಟಗಾರನ ಫೀಲ್ಡಿಂಗ್ ತಪ್ಪಿನಿಂದ ಅದು ಕೈತಪ್ಪಿತು. ಡಾಜರ್ಸ್ ಬ್ಯಾಟರ್‌ಗಳೂ ಒಂದೂ ರನ್ ಗಳಿಸಿರಲಿಲ್ಲ, ಹಾಗಾಗಿ ಸಮವಾಗಿದ್ದ ಪಂದ್ಯ ಮುಂದುವರಿಯಿತು. ಹತ್ತನೇ ಇನಿಂಗ್‌ನಲ್ಲಿ ಪಿಟ್ಸ್‌ಬರ್ಗ್‌ನ ಜಾಶ್ ಹ್ಯಾರಿಸನ್ ಹೊಡೆದ ಹೋಮ್ ರನ್‌ನಿಂದ, ಅಂದರೆ ಮೈದಾನದ ಬೇಲಿ ದಾಟಿದ ಹೊಡೆತದಿಂದ, 1-0 ಸೋಲು. ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪಿದರೆ ಅದು ಹಿಟ್; ಇಡೀ ಪಂದ್ಯದಲ್ಲಿ ಹಿಲ್ ಕೊಟ್ಟ ಒಂದೇ ಹಿಟ್ ಅದು. ಪಿಚರ್ ಹೆಸರಿನ ಮುಂದೆ ಬರೆಯುವ ಗೆಲುವು-ಸೋಲಿನ ಲೆಕ್ಕವನ್ನು ಈಗ ತಂಡಗಳು ಅಷ್ಟಾಗಿ ನಂಬದಿರುವುದು ಇಂಥ ರಾತ್ರಿಗಳಿಂದಾಗಿಯೇ.

2019ರ ಕೊನೆಗೆ ಮೊಣಕೈಗೆ ಮತ್ತೊಂದು ಶಸ್ತ್ರಚಿಕಿತ್ಸೆ. ಆಗ 39 ವರ್ಷ. ಅಲ್ಲಿಂದ ಮಿನೆಸೋಟ, ಟ್ಯಾಂಪಾ ಬೇ, ನ್ಯೂಯಾರ್ಕ್ ಮೆಟ್ಸ್, ಪಿಟ್ಸ್‌ಬರ್ಗ್, ಸ್ಯಾನ್ ಡಿಯಾಗೋ, ನಡುನಡುವೆ ಬಾಸ್ಟನ್. ರಾಯಲ್ಸ್‌ಗೆ ಎರಡು ಪಂದ್ಯ ಎಸೆದ ಮೇಲೆ ಜುಲೈ ಮುಗಿಯುವ ಮುನ್ನವೇ ಆ ತಂಡ ಅವರನ್ನು 40ರ ಪಟ್ಟಿಯಿಂದ ತೆಗೆಯಿತು.

ಭಾರತದ ಕೊಂಡಿ

ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಟಿವಿ ಸ್ಪರ್ಧೆಯೊಂದರ ಮೂಲಕ ಬೆಳಕಿಗೆ ಬಂದು ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ತಲುಪಿದವರು ಕುಮಾರ್ ರಾಕರ್. ಅವರ ತಾಯಿಯ ಕಡೆಯವರು ಭಾರತ ಮೂಲದವರು, ತಂದೆ ಟ್ರೇಸಿ ರಾಕರ್ ಅಮೆರಿಕನ್ ಫುಟ್‌ಬಾಲ್ ಆಟಗಾರ. 2019ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲೇ ಕುಮಾರ್ ಎದುರಾಳಿಗೆ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ ಪಡೆದಿದ್ದರು.

2021ರ ಡ್ರಾಫ್ಟ್‌ನಲ್ಲಿ ಮೆಟ್ಸ್ ಅವರನ್ನು 10ನೆಯವರಾಗಿ ಆಯ್ಕೆ ಮಾಡಿ, ವೈದ್ಯಕೀಯ ವರದಿ ನೋಡಿ ಒಪ್ಪಂದದಿಂದ ಹಿಂದೆ ಸರಿಯಿತು. ಅವರು ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಸ್ವತಂತ್ರ ಲೀಗ್‌ನಲ್ಲಿ ಎಸೆದು ತೋರಿಸಿದರು. ಮರುವರ್ಷ ಟೆಕ್ಸಸ್ ರೇಂಜರ್ಸ್ ಮೂರನೆಯವರಾಗಿ ಆರಿಸಿತು. 2023ರ ಮೇನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 16 ತಿಂಗಳಿಗೆ, 2024ರ ಸೆಪ್ಟೆಂಬರ್ 12ರಂದು ಸಿಯಾಟಲ್‌ನಲ್ಲಿ ಮೇಜರ್ ಲೀಗ್ ಪದಾರ್ಪಣೆ: ನಾಲ್ಕು ಇನಿಂಗ್, ಏಳು ಸ್ಟ್ರೈಕ್‌ಔಟ್.

ಮನೆಯ ಮಗು ಪಿಚರ್ ಆಗಿದ್ದರೆ

ಅಮೆರಿಕದ ಕನ್ನಡ ಮನೆಗಳಲ್ಲಿ ಇದನ್ನು ಓದುವವರಿಗೆ ಒಂದು ಮುಖ್ಯ ಮಾತು. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿ ಹೊರಡಿಸಿವೆ. ಒಂದು ದಿನದ ಗರಿಷ್ಠ ಎಸೆತಗಳು 7-8 ವರ್ಷದವರಿಗೆ 50, 9-10ಕ್ಕೆ 75, 11-12ಕ್ಕೆ 85, 13ರಿಂದ 16ಕ್ಕೆ 95. 14 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು 20ರವರೆಗೆ ಎಸೆದರೆ ವಿಶ್ರಾಂತಿ ಕಡ್ಡಾಯವಲ್ಲ. 21-35ಕ್ಕೆ ಒಂದು ದಿನ, 36-50ಕ್ಕೆ ಎರಡು ದಿನ, 51-65ಕ್ಕೆ ಮೂರು ದಿನ, 66 ಅಥವಾ ಹೆಚ್ಚಾದರೆ ನಾಲ್ಕು ದಿನ. ಶಾಲೆಯ ತಂಡಕ್ಕೂ ಕ್ಲಬ್ ತಂಡಕ್ಕೂ ಎಸೆಯುವ ಮಗುವಿನ ಲೆಕ್ಕ ಇಬ್ಬರು ಕೋಚ್‌ಗಳಲ್ಲಿ ಯಾರ ಬಳಿಯೂ ಪೂರ್ತಿ ಇರುವುದಿಲ್ಲ; ಅದನ್ನು ಮನೆಯವರೇ ಬರೆದಿಡಬೇಕು. ಪಿಚರ್ ಆಗಿ ಎಸೆದ ದಿನವೇ ಕ್ಯಾಚರ್ ಆಗಿ ನಿಲ್ಲಿಸಬಾರದು, ಏಕೆಂದರೆ ಕ್ಯಾಚರ್ ಪ್ರತಿ ಚೆಂಡನ್ನೂ ವಾಪಸು ಎಸೆಯುತ್ತಾನೆ. ವರ್ಷದಲ್ಲಿ ನಾಲ್ಕು ತಿಂಗಳು, ಅದರಲ್ಲಿ ಕನಿಷ್ಠ ಎರಡು ಮೂರು ತಿಂಗಳು ಸತತವಾಗಿ, ಪಿಚಿಂಗ್ ಇರಬಾರದು. ಆ ತಿಂಗಳುಗಳಲ್ಲಿ ಫುಟ್‌ಬಾಲ್, ಈಜು, ಓಟ ಯಾವುದಾದರೂ ಆಗುತ್ತದೆ. ಮೊಣಕೈಯ ಒಳಬದಿ ನೋವೆಂದು ಮಗು ಹೇಳಿದ ದಿನ ಎಸೆತ ನಿಲ್ಲಿಸಿ, ಕ್ರೀಡಾಗಾಯ ನೋಡುವ ವೈದ್ಯರಿಗೆ ತೋರಿಸಬೇಕು. ಬೆಳೆಯುವ ವಯಸ್ಸಿನಲ್ಲಿ ಲಿಗಮೆಂಟಿಗಿಂತ ಅದು ಅಂಟಿಕೊಂಡಿರುವ ಎಲುಬಿನ ಬೆಳವಣಿಗೆಯ ಪದರವೇ ಮೆದು, ಮೊದಲು ಪೆಟ್ಟಾಗುವುದು ಅದಕ್ಕೆ. ಬೇಗ ಗುರುತಿಸಿದರೆ ಬಹುಪಾಲು ಮಕ್ಕಳಿಗೆ ಕೆಲವು ವಾರಗಳ ವಿಶ್ರಾಂತಿ ಮತ್ತು ನಿಧಾನವಾದ ಮರು ಅಭ್ಯಾಸ ಸಾಕಾಗುತ್ತದೆ.